ಕಾನ್ಪುರದಲ್ಲಿ ಸಿಕ್ಕ ಧಾರವಾಡದವರು

ಕಾನ್ಪುರಕ್ಕೆ ಹೊರಟಾಗ ನನ್ನ ಮೊಬೈಲಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಇತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಸ್ಲೈಡ್ ಓದಿ ಓದಿ ನನ್ನ ಪಾಠ ನನಗೇ ಬೇಜಾರಾಗಿತ್ತು. ಹುಡುಗರ ಗತಿ ಕೇಳೋದೇ ಬೇಡ! ಐಐಟಿಯಲ್ಲಿ ಒಂದು ವಾರ ಮೇಷ್ಟ್ರುಗಳಿಗೇ ತರಬೇತಿ ಅಂದಾಗ, ಮುಗಿಸಿ ಬಂದು ರಾಜೀನಾಮೆ ಕೊಟ್ಟರಾಯ್ತು ಅಂದುಕೊಂಡೆ.

ಜನವರಿಯ ಮಂಜು. ಮೆಟ್ರೋದ ಕೊನೆಯ ಸ್ಟೇಷನ್ನೇ ಐಐಟಿ. ಜಿ.ಟಿ. ರಸ್ತೆಯ ಹಾರ್ನ್ ಗದ್ದಲ ಗೇಟಿನಾಚೆಗೇ ನಿಂತುಬಿಡುತ್ತೆ. ಒಳಗೆ ಇಟ್ಟಿಗೆ, ಕಾಂಕ್ರೀಟಿನ ಕಟ್ಟಡಗಳು, ಅವುಗಳನ್ನು ಜೋಡಿಸುವ ಉದ್ದುದ್ದ ಕಾರಿಡಾರುಗಳು, ದಾರಿ ಬಿಡದ ನವಿಲುಗಳು. ಅಚ್ಯುತ ಕಾನ್ವಿಂದೆ ವಿನ್ಯಾಸ ಮಾಡಿದ ಕ್ಯಾಂಪಸ್ ಇದು.

ಮಧ್ಯದಲ್ಲಿರುವ ಲೈಬ್ರರಿಗೆ ಪಿ.ಕೆ. ಕೇಳ್ಕರ್ ಅವರ ಹೆಸರು. ಇಲ್ಲಿನ ಮೊದಲ ಡೈರೆಕ್ಟರ್. ಮೊಬೈಲಿನಲ್ಲಿ ಹುಡುಕಿದೆ: ಹುಟ್ಟಿದ್ದು 1909, ಧಾರವಾಡ. ನಮ್ಮೂರು! ಅಷ್ಟು ವರ್ಷ ಅಲ್ಲೇ ಓದಿ ಬೆಳೆದ ನನಗೆ ಈ ಹೆಸರೇ ಗೊತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಮೇಲೆ ಮುಂಬೈಯಲ್ಲಿ ಪಾಠ ಮಾಡಿದ್ದ ಕೇಳ್ಕರ್ 1959ರಲ್ಲಿ ಇಲ್ಲಿಗೆ ಬಂದಾಗ ಕ್ಯಾಂಪಸ್ಸೇ ಇರಲಿಲ್ಲ. ತರಗತಿಗಳು ಶುರುವಾಗಿದ್ದು ಹಾರ್ಕೋರ್ಟ್ ಬಟ್ಲರ್ ಸಂಸ್ಥೆಯಲ್ಲಿ. ಆ ಕಾಲದಲ್ಲಿ ಬಾಂಬೆ ಐಐಟಿಗೆ ಸೋವಿಯತ್, ಮದ್ರಾಸಿಗೆ ಜರ್ಮನಿ, ಹೀಗೆ ಒಂದೊಂದಕ್ಕೆ ಒಂದೊಂದು ದೇಶದ ನೆರವು. ಕಾನ್ಪುರದ ಜೊತೆ 1962ರಿಂದ 72ರವರೆಗೆ ನಿಂತದ್ದು ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳು: ಎಂಐಟಿ, ಬರ್ಕ್ಲಿ, ಪ್ರಿನ್ಸ್‌ಟನ್, ಪರ್ಡ್ಯೂ ಎಲ್ಲ ಸೇರಿ. ಅಲ್ಲಿನ ಪ್ರೊಫೆಸರುಗಳು ಇಲ್ಲಿಗೆ ಬಂದರು, ಇಲ್ಲಿನವರು ಅಲ್ಲಿಗೆ ಹೋದರು. ವಿದೇಶದಲ್ಲಿ ಪಿಎಚ್‌ಡಿ ಮಾಡಿದ್ದ ನಮ್ಮ ಯುವಕರನ್ನೂ ಕೇಳ್ಕರ್ ಕರೆಸಿಕೊಂಡರು.

1963ರ ಆಗಸ್ಟ್‌ನಲ್ಲಿ ಐಬಿಎಂ 1620 ಕಂಪ್ಯೂಟರ್ ಬಂತು. ಅದರ ಕೊನೆಯ ಪ್ರಯಾಣ ಎತ್ತಿನ ಗಾಡಿಯಲ್ಲಿ ಅನ್ನೋ ಕಥೆಯನ್ನು ಇಲ್ಲಿ ಎಲ್ಲರೂ ಖುಷಿಯಿಂದ ಹೇಳ್ತಾರೆ. ನನಗೆ ಹಿಡಿಸಿದ್ದು ಅದರ ಮುಂದಿನ ಕಥೆ. ಎನಿಯಾಕ್‌ನಲ್ಲಿ ಕೆಲಸ ಮಾಡಿದ್ದ ಹ್ಯಾರಿ ಹಸ್ಕಿ ಇಲ್ಲಿದ್ದರು. ಮೆಷಿನ್ನಿಗೆ ಬೀಗ ಹಾಕಿ ಕೂರಲಿಲ್ಲ. ಹತ್ತು ದಿನದ ಕೋರ್ಸ್ ಮಾಡಿ ಹೊರಗಿನವರಿಗೂ ಫೋರ್ಟ್ರಾನ್ ಕಲಿಸಿದರು. ಕಲಿಸಿದವರಲ್ಲಿ ವಿ. ರಾಜಾರಾಮನ್ ಕೂಡ ಒಬ್ಬರು. ಮುಂದೆ ಅವರು ಬರೆದ ಪುಸ್ತಕಗಳಿಂದಲೇ ಎಷ್ಟೋ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಪಾಠ ನಡೆಯಿತು, ನಾನು ಓದಿದ ಕಾಲೇಜಿನಲ್ಲೂ.

ನಮ್ಮ ತರಬೇತಿಯಲ್ಲಿ ಬುಧವಾರ ನನ್ನ ಸರದಿ. ಹದಿನೈದು ನಿಮಿಷ ಪಾಠ, ಎದುರಿಗೆ ಬೇರೆ ಬೇರೆ ರಾಜ್ಯದ ಮೇಷ್ಟ್ರುಗಳು. ಸ್ಲೈಡ್ ಓದಿ ಮುಗಿಸಿದೆ. ತರಬೇತಿ ಕೊಡುತ್ತಿದ್ದ ಮೇಡಂ ಕೇಳಿದ್ದು ಒಂದೇ: "ನೀವು ಎಷ್ಟು ಪ್ರಶ್ನೆ ಕೇಳಿದಿರಿ?"

ಒಂದೂ ಇಲ್ಲ. ಮುಖ ಬಿಸಿಯಾಯಿತು.

ಸಂಜೆ ಲೈಬ್ರರಿ ಹತ್ತಿರ ಕೂತು ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಇಲ್ಲೆ ಲೈಬ್ರರಿಗೆ ನಮ್ಮ ಧಾರವಾಡದವರ ಹೆಸರು ಇಟ್ಟಾರ."

"ಹೌದೇನು? ಛಲೋ ಆತು. ಆ ಹೊಸಾ ನೌಕರಿದು ಏನ್ ಮಾಡಿದಿ?"

"ಇನ್ನೂ ಏನೂ ಹೇಳಿಲ್ಲವ್ವಾ."

"ಪಗಾರ ಡಬಲ್ ಅಂದಿದ್ದೆಲ್ಲೋ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ಸಾಲ ನನ್ನ ಹೆಸರಿನಲ್ಲೇ ಇದೆ. ಶುಕ್ರವಾರ ಕಂಪನಿಗೆ ಮೇಲ್ ಹಾಕಿ ಒಂದು ತಿಂಗಳು ಸಮಯ ಕೇಳಿದೆ. ಹದಿನೈದು ದಿನ ಕೊಟ್ಟಿದ್ದಾರೆ.

ಸೋಮವಾರ ಕ್ಲಾಸಿಗೆ ಪ್ರೊಜೆಕ್ಟರ್ ಆನ್ ಮಾಡದೆ ಹೋದೆ. ಬೋರ್ಡ್ ಮೇಲೆ ಒಂದು ಲೆಕ್ಕ ಬರೆದು, "ಪಕ್ಕದವರ ಜೊತೆ ಮಾತಾಡಿ, ಎಲ್ಲಿ ತಪ್ಪಿದೆ ಹೇಳಿ" ಅಂದೆ. ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ, ನಾಲ್ಕು ತಿಂಗಳಿಂದ ದನಿಯೇ ಕೇಳಿಸದಿದ್ದ ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಎರಡನೇ ಸಾಲೇ ತಪ್ಪಲ್ವಾ?"

ನಾನು ಬೇಕಂತ ಮಾಡಿದ್ದ ತಪ್ಪು ನಾಲ್ಕನೇ ಸಾಲಿನಲ್ಲಿತ್ತು. ತಿರುಗಿ ನೋಡಿದೆ. ಎರಡನೆಯದೂ ತಪ್ಪೇ!