ಊಟದ ಮೇಲಿನ ಪೀರಿಯಡ್

ಮಧ್ಯಾಹ್ನ ಎರಡು ಗಂಟೆಯ ಪೀರಿಯಡ್ ಯಾವ ಮೇಷ್ಟ್ರಿಗೂ ಬೇಡ. ನಾನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತೇನೆ. ದಾವಣಗೆರೆಯ ಬಿಸಿಲು, ಕಿರುಗುಟ್ಟುವ ಫ್ಯಾನು, ಹೊಟ್ಟೆ ತುಂಬಿಸಿಕೊಂಡು ಬಂದ ಬಿ.ಕಾಂ. ಮಕ್ಕಳು. ತೂಕಡಿಸುವವರನ್ನು ಬೈಯದೆ ಎಬ್ಬಿಸುವುದು ನನಗೆ ಹತ್ತಿದ ಚಟ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಕೇಸ್ ಹಿಡಿದೇ ಪಾಠ ಮಾಡುತ್ತಾರೆಂದು ಓದಿ, ಮೊದಮೊದಲು ಅಮೆರಿಕದ ಕಂಪನಿಗಳ ಕೇಸುಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಹಾಳೆಗಳು ಬೀಸಣಿಗೆಯಾದವು.

ಆಮೇಲೆ ಎಂಟಿಆರ್ ಹಿಡಿದೆ. "ತುರ್ತುಪರಿಸ್ಥಿತಿ. ಹೋಟೆಲ್ ತಿಂಡಿಯ ರೇಟು ಸರ್ಕಾರ ಇಳಿಸಿದೆ. ಮಾವಳ್ಳಿಯ ಆ ಹೋಟೆಲಿಗೆ ನೀವೇ ಯಜಮಾನರು, ಏನ್ ಮಾಡ್ತೀರಿ?" ಅಂದು ಸುಮ್ಮನೆ ನಿಂತೆ. ಪ್ರಶ್ನೆ ಕೇಳಿ ಸುಮ್ಮನಿರುವಷ್ಟು ಕಷ್ಟದ ವಿದ್ಯೆ ಇನ್ನೊಂದಿಲ್ಲ. ಉತ್ತರ ಹೇಳಿಬಿಡಲು ನಾಲಿಗೆ ತುರಿಸುತ್ತದೆ. ಒಬ್ಬ ದೋಸೆ ಚಿಕ್ಕದು ಮಾಡಿದ, ಒಬ್ಬಳು ಸಾಂಬಾರಿಗೆ ನೀರು ಸುರಿದಳು. ಯಜಮಾನರು ಹೋಟೆಲಿಗೆ ಬಾಗಿಲು ಹಾಕಿ ರೆಡಿಮಿಕ್ಸ್ ಪ್ಯಾಕೆಟ್ ಮಾರಲು ಹೊರಟರು, 2007ರಲ್ಲಿ ಆ ಪ್ಯಾಕೆಟ್ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು ಅಂತ ನಾನು ಹೇಳುವ ಹೊತ್ತಿಗೆ ಒಬ್ಬರಿಗೂ ನಿದ್ದೆ ಉಳಿದಿರಲಿಲ್ಲ.

ಆದರೂ ನನ್ನ ಮೆಚ್ಚಿನ ಪಾಠ ಬ್ರೇಕ್-ಈವನ್. ಈ ಊರಲ್ಲಿ ಅದಕ್ಕೆ ಮಂಡಕ್ಕಿ-ಮೆಣಸಿನಕಾಯಿ ಗಾಡಿ ಬಿಟ್ಟು ಬೇರೆ ಉದಾಹರಣೆ ಹುಡುಕುವವನು ಮೂರ್ಖ. ಕಳೆದ ವರ್ಷ ಬೋರ್ಡಿನ ಮೇಲೆ ಬರೆದೆ: ಗಾಡಿ ಬಾಡಿಗೆ, ಜಾಗದ ಸುಂಕ, ಬಾಣಲೆ ಮುಂದೆ ನಿಲ್ಲುವವನ ಕೂಲಿ ಸೇರಿ ದಿನಕ್ಕೆ 900 ರೂಪಾಯಿ. ಪ್ಲೇಟು 30ಕ್ಕೆ ಮಾರಾಟ. ಮಂಡಕ್ಕಿ, ಎಣ್ಣೆ, ಕಡಲೆಹಿಟ್ಟು, ಗ್ಯಾಸು ಅಂತ 18 ಖರ್ಚು. ಪ್ಲೇಟಿಗೆ ಉಳಿಯುವುದು 12. ಎಪ್ಪತ್ತೈದು ಪ್ಲೇಟು ಹೋದರೆ ಅಸಲು, ಮೇಲಿನದು ಲಾಭ. ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಂಡೆ.

ಕೊನೇ ಬೆಂಚಿನಿಂದ ಒಬ್ಬ ಎದ್ದ. ಅವರಪ್ಪನದೇ ಗಾಡಿ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

"ಸಾರ್, ನಮ್ಮವ್ವ ಮಧ್ಯಾಹ್ನದಿಂದ ಈರುಳ್ಳಿ ಹೆಚ್ತಾಳೆ, ಮೆಣಸಿನಕಾಯಿ ಸೀಳ್ತಾಳೆ. ಅದು ಯಾವ ಕಾಲಂಗೆ ಬರುತ್ತೆ?"

"ದಿನಕ್ಕೆ ಎಷ್ಟು ಹಾಕೋಣಪ್ಪ?"

ಅವನು ಸೂರು ನೋಡಿದ. "ಕಡಿಮೆ ಅಂದ್ರೂ ಮುನ್ನೂರು."

ಬೋರ್ಡು ಒರೆಸಿ ಮತ್ತೆ ಬರೆದೆ. 900 ಹೋಗಿ 1,200 ಆಯಿತು; 75 ಹೋಗಿ 100.

"ನಾವು ಮಾರೋದು ತೊಂಬತ್ತೇ ಸಾರ್" ಅಂದು ಕೂತ.

ಯಾರೂ ನಗಲಿಲ್ಲ. ಹುಡುಗಿಯರ ಸಾಲಿನಲ್ಲಿ ಮೂರ್ನಾಲ್ಕು ಜನ ತಮ್ಮ ಪುಸ್ತಕದಲ್ಲಿ ಹೊಡೆದುಹಾಕಿ ಲೆಕ್ಕವನ್ನು ಹೊಸದಾಗಿ ಬರೆದುಕೊಳ್ಳುತ್ತಿದ್ದರು. ನಾನೂ ಆ ದಿನ ಮನೆಗೆ ಹೋಗಿ ಹೆಂಡತಿ ಬಡಿಸಿದ್ದನ್ನು ತುಸು ಅಪರಾಧಿಯಂತೆಯೇ ಉಂಡೆ.

ಅವನು ಕೇಳಿದ್ದಕ್ಕೆ ಕಾಸ್ಟಿಂಗ್ ಪುಸ್ತಕದಲ್ಲಿ ಹೆಸರಿದೆ: ಇಂಪ್ಯೂಟೆಡ್ ಕಾಸ್ಟ್. ನಮ್ಮ ಪರೀಕ್ಷೆಯಲ್ಲಿ ಬಂದರೆ ಎರಡು ಅಂಕ.