ಸರದಿಯ ಕೊಠಡಿ, ಪಾಲಿನ ಲೆಕ್ಕ

ಒಂದೇ ವಸ್ತುವನ್ನು ಹಲವರು ಸರದಿಯ ಮೇಲೆ ಅನುಭವಿಸುವ ಪದ್ಧತಿ ತುಳುನಾಡಿಗೆ ಹೊಸದಲ್ಲ. ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿಕೊಂಡಿರುವ ಗ್ರಾಮ. ಈ ಸೀಮೆಯ ಅಡಿಕೆ ತೋಟಗಳನ್ನು ಹಿಂದೆ ಬೇಸಿಗೆಯಲ್ಲಿ ಉಳಿಸಿದ್ದು ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣುಗಳಿಂದ ಹಾಕುತ್ತಿದ್ದ ಕಟ್ಟ. ಮಳೆಗಾಲ ಮುಗಿದ ಮೇಲೆ ನೆರೆಹೊರೆಯವರು ಕೂಡಿ ಕಟ್ಟ ಕಟ್ಟುವರು. ನಿಂತ ನೀರನ್ನು ಸರದಿಯಂತೆ ತಮ್ಮ ತಮ್ಮ ತೋಟಕ್ಕೆ ಹರಿಸಿಕೊಳ್ಳುವರು. ಮುಂಗಾರಿನಲ್ಲಿ ಕಟ್ಟ ಕೊಚ್ಚಿಹೋದರೆ ಮರುವರ್ಷ ಮತ್ತೆ ಕೂಡಿ ಕಟ್ಟುವರು. ನೀರಿನಲ್ಲಿ ಪಾಲು ಬೇಕೆಂಬವನು ಕಟ್ಟದ ಕೆಲಸದಲ್ಲಿಯೂ ಪಾಲುಗೊಳ್ಳಬೇಕಾಗಿತ್ತು.

ಟೈಮ್‌ಶೇರ್ ಎಂಬ ಇಂದಿನ ವ್ಯವಸ್ಥೆಯ ಒಳಹುರುಳು ಇದಕ್ಕಿಂತ ಬಹಳ ಬೇರೆಯೇನಲ್ಲ. 1960ರ ದಶಕದಲ್ಲಿ ಯುರೋಪಿನ ಆಲ್ಪ್ಸ್ ಪರ್ವತಪ್ರದೇಶದಲ್ಲಿ ಮೊಳೆತ ಈ ಕಲ್ಪನೆ, 1986ರಲ್ಲಿ ಆರಂಭವಾದ ಸ್ಟರ್ಲಿಂಗ್ ಮತ್ತು 1996ರಲ್ಲಿ ಆರಂಭವಾದ ಮಹೀಂದ್ರಾ ಹಾಲಿಡೇಸ್ ಸಂಸ್ಥೆಗಳ ಮೂಲಕ ನಮ್ಮ ದೇಶದ ಮಧ್ಯಮವರ್ಗದ ಮನೆಗಳನ್ನು ಪ್ರವೇಶಿಸಿತು. ವಿಹಾರಧಾಮದ ಕೊಠಡಿಯಲ್ಲಿ ವರ್ಷಕ್ಕೆ ಏಳು ರಾತ್ರಿಗಳಷ್ಟು ತಂಗುವ ಹಕ್ಕನ್ನು ಇಪ್ಪತ್ತೈದು ವರ್ಷಗಳಂತಹ ದೀರ್ಘಾವಧಿಗೆ ಮುಂಗಡವಾಗಿ ಕೊಳ್ಳುವುದು ಇದರ ಸಾಮಾನ್ಯ ಸ್ವರೂಪ. ಇದಲ್ಲದೆ ಪ್ರತಿವರ್ಷವೂ ನಿರ್ವಹಣಾ ಶುಲ್ಕ ತೆರಬೇಕು. ಇದೇ ವರ್ಷವರ್ಷವೂ ಕಟ್ಟಬೇಕಾದ ಕಟ್ಟ. ಕೊಂಡವರಲ್ಲಿ ಅನೇಕರು ಮೊದಲ ಮೊತ್ತವನ್ನು ನೆನಪಿಟ್ಟುಕೊಂಡು ಈ ಶುಲ್ಕವನ್ನು ಮರೆಯುತ್ತಾರೆ. ಅವರ ಬಂಧುಗಳಂತೂ ಎರಡನ್ನೂ ಅರಿತಿರುವುದಿಲ್ಲ.

ಮಂಡೆಕೋಲಿನ ಒಂದು ಮನೆತನದಲ್ಲಿ ನಡೆದ ವಿಷಯ ಇಲ್ಲಿ ವಿಚಾರಕ್ಕೆ ಯೋಗ್ಯವಾಗಿದೆ. ನಾಲ್ವರು ಒಡಹುಟ್ಟಿದವರು. ಹಿರಿಯರು ತಾಯಿಯೊಂದಿಗೆ ತೋಟದ ಮನೆಯಲ್ಲಿದ್ದಾರೆ. ಎರಡನೆಯವರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಇಂತಹ ಒಂದು ಸದಸ್ಯತ್ವವನ್ನು ಕೊಂಡವರು. ಸಹೋದರಿ ಕಾರ್ಕಳದ ಕಡೆಗೆ ಮದುವೆಯಾಗಿದ್ದಾರೆ, ಕಿರಿಯರು ಮೈಸೂರಿನಲ್ಲಿ. ಒಂದು ಬೇಸಿಗೆಯ ರಜೆಯಲ್ಲಿ ತಾಯಿಯನ್ನೂ ಕರೆದುಕೊಂಡು ಮೂರು ಕುಟುಂಬಗಳು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದವು. ಎರಡು ಕೊಠಡಿ, ಮೂರು ರಾತ್ರಿ. ಎಂದರೆ ಸದಸ್ಯರ ಖಾತೆಯಿಂದ ಆರು ರಾತ್ರಿಗಳು ಕಳೆದವು. ಹೊರಡುವಾಗ ಹಣದ ಮಾತನ್ನು ಯಾರೂ ಎತ್ತಲಿಲ್ಲ. ಒಡಹುಟ್ಟಿದವರಲ್ಲಿ ಅದನ್ನು ಎತ್ತುವುದು ಅಸಭ್ಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಿಂದಿರುಗಿದ ವಾರದಲ್ಲಿ ಬೆಂಗಳೂರಿನಿಂದ ಲೆಕ್ಕ ಬಂದಿತು: ಅಂತಹ ಕೊಠಡಿಗೆ ಹೊರಗಿನವರು ತೆರುವ ದರ ರಾತ್ರಿಗೆ 9,000 ರೂಪಾಯಿ, ಆರು ರಾತ್ರಿಗೆ 54,000, ಮೂವರಲ್ಲಿ ತಲಾ 18,000.

ತಂಗಿಯಾಗಲಿ ತಮ್ಮನಾಗಲಿ ಎದುರಾಡದೆ ಹಣ ಕಳುಹಿಸಿದರು. ಆದರೆ ಆಕೆಯ ಯಜಮಾನರು ಲೆಕ್ಕದಲ್ಲಿ ನುರಿತವರು. ಸದಸ್ಯತ್ವಕ್ಕೆ ಕೊಟ್ಟದ್ದು ಮೂರೂವರೆ ಲಕ್ಷ. ಇಪ್ಪತ್ತೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 14,000. ವಾರ್ಷಿಕ ಶುಲ್ಕ 21,000. ಒಟ್ಟು 35,000ವನ್ನು ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಗೆ 5,000. ಹಾಗಾದರೆ ಆರು ರಾತ್ರಿಗೆ ಭಾವನವರಿಗೆ ಬಿದ್ದ ನಿಜವಾದ ವೆಚ್ಚ 30,000. ಇಬ್ಬರಿಂದ ಬಂದದ್ದು 36,000. ಅವರ ಕುಟುಂಬ ಮೂರು ದಿನ ಉಚಿತವಾಗಿ ತಂಗಿದ್ದಲ್ಲದೆ ಆರು ಸಾವಿರ ಮಿಗಿಸಿಕೊಂಡಂತಾಯಿತು. ಈ ಮಾತು ಬಾಯಿಂದ ಬಾಯಿಗೆ ಸಾಗಿ ತಾಯಿಯ ಕಿವಿಗೆ ಬಿದ್ದಿತು. ಮುಂದಿನ ನೋಂಪಿಗೆ ಮಗಳು ತವರಿಗೆ ಬರಲಿಲ್ಲ.

ಆತ ಮೋಸಗಾರನಲ್ಲ. ಹೊರಗಿನ ದರವೇ ನ್ಯಾಯವಾದ ದರವೆಂದು ಅವನು ನಂಬಿದ್ದನು. ಮೂರೂವರೆ ಲಕ್ಷವನ್ನು ಮೊದಲೇ ತೊಡಗಿಸಿದವನು ಬ್ಯಾಂಕಿನ ಬಡ್ಡಿಯನ್ನು ಕಳೆದುಕೊಂಡಿದ್ದಾನೆ ಎಂಬುದೂ ಸುಳ್ಳಲ್ಲ. ಆ ಬಡ್ಡಿಯನ್ನು ಸೇರಿಸುತ್ತೇನೆಂದು ಮೊದಲೇ ಹೇಳಿ ಸೇರಿಸಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ. ತನ್ನ ಕೆಲಸದ ಒತ್ತಡದಿಂದ ವ್ಯರ್ಥವಾದ ವರ್ಷಗಳ ನಷ್ಟವನ್ನು ಮಾತ್ರ ತಂಗಿಯ ಮೇಲೆ ಹೊರಿಸಲಾಗದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದಿದೆ: ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ಅಂಗಡಿಯ ಸೇರು, ತಕ್ಕಡಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆಂದು ತಿಳಿಯುವವರು ಬಹಳ. ರಾತ್ರಿಗೆ ಐದು ಸಾವಿರದ ಅಳತೆಯಲ್ಲಿ ಕೊಂಡು ಒಂಬತ್ತು ಸಾವಿರದ ಅಳತೆಯಲ್ಲಿ ಒಡಹುಟ್ಟಿದವರಿಗೆ ಅಳೆದುಕೊಟ್ಟರೆ ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು? ಇದಕ್ಕೆ ವಿರುದ್ಧವಾದ ಇನ್ನೊಂದು ರೀತಿಯೂ ಇದೆ. ‘ಎಲ್ಲ ನನ್ನದೇ, ನೀವು ಬಂದರೆ ಸಾಕು’ ಎಂದು ಕರೆದೊಯ್ದು, ಆಮೇಲೆ ಹತ್ತು ವರ್ಷ ಆ ಉಪಕಾರವನ್ನು ಎತ್ತಿಯಾಡುವುದು. ಹಣ ಕೊಟ್ಟು ತೀರಿಸಬಹುದಾದ ಋಣಕ್ಕಿಂತ ಇದು ಭಾರವಾದುದು.

ಊಟದ ಲೆಕ್ಕ ಇನ್ನೂ ಸೂಕ್ಷ್ಮವಾಗಿತ್ತು. ವಿಹಾರಧಾಮದಲ್ಲಿ ಊಟಕ್ಕೆ ತಲೆಗೆ ಇಂತಿಷ್ಟೆಂದು ದರ. ತಾಯಿಗೆ ರಾತ್ರಿಭೋಜನ ತ್ಯಾಗವಿದೆ, ಕಂದಮೂಲ ವರ್ಜ್ಯ. ಸೂರ್ಯಾಸ್ತಕ್ಕೆ ಮೊದಲು ಮನೆಯಿಂದ ತಂದ ಅವಲಕ್ಕಿ, ಬಾಳೆಹಣ್ಣುಗಳಲ್ಲಿ ಅವರ ಆಹಾರ ಮುಗಿಯುತ್ತಿತ್ತು. ಆದರೂ ಮೂರು ರಾತ್ರಿಯ ಊಟಕ್ಕೆ ಅವರ ತಲೆಯೂ ಎಣಿಕೆಯಾಗಿತ್ತು. ಮೊದಲೇ ತಿಳಿಸಿದ್ದರೆ ತಪ್ಪುತ್ತಿದ್ದ ಖರ್ಚು. ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಅಂಶ ಯಾರ ಲೆಕ್ಕದಲ್ಲಿಯೂ ಬಂದಿರಲಿಲ್ಲ. ಹಿರಿಯಣ್ಣನವರು ಪ್ರವಾಸಕ್ಕೆ ಹೋಗಲೇ ಇಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಕು, ಹಟ್ಟಿಯಲ್ಲಿ ಎರಡು ಹಸುಗಳಿವೆ. ಕಾಡಾನೆಗಳು ತೋಟಕ್ಕೆ ಇಳಿಯುವ ಆ ಊರಿನಲ್ಲಿ ಮನೆಗೆ ಬೀಗ ಹಾಕಿ ಹೊರಡುವಂತಿಲ್ಲ. ಅವರಿಂದ ಹಣ ಕೇಳಲಿಲ್ಲವೆಂಬುದನ್ನೇ ಉಳಿದವರು ಔದಾರ್ಯವೆಂದು ತಿಳಿದಿದ್ದರು. ಅವರು ಮನೆಯಲ್ಲಿ ಉಳಿದುದರಿಂದಲೇ ತಾಯಿ ನಿಶ್ಚಿಂತೆಯಿಂದ ಹೊರಡಲು ಸಾಧ್ಯವಾಯಿತು ಎಂಬುದು ಒಬ್ಬರಿಗೂ ತೋರಲಿಲ್ಲ. ಕಟ್ಟಕ್ಕೆ ಕಲ್ಲು ಹೊತ್ತವನಿಗೆ ನೀರಿನ ಸರದಿ ಬಾರದೆ ಹೋದಂತಾಯಿತು. ನಮ್ಮ ಕೂಡುಕುಟುಂಬಗಳಲ್ಲಿ ಈ ಬಗೆಯ ಮರೆವು ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ ಬರುತ್ತಿತ್ತು. ಇಲ್ಲಿ ಅಣ್ಣನ ಪಾಲಿಗೆ ಬಂದಿತು.

ಈ ಮಾತನ್ನು ಕೊನೆಗೆ ಎತ್ತಿದವರು ತಾಯಿಯೇ. ದೀಪಾವಳಿಗೆ ನಾಲ್ವರೂ ಸೇರಿದ್ದಾಗ, ‘ದೊಡ್ಡವನ ಮೂರು ದಿನಕ್ಕೆ ಎಷ್ಟು ಹಾಕಿದ್ದೀರಿ?’ ಎಂದು ಮಾತ್ರ ಕೇಳಿದರು. ಗೃಹಸ್ಥನ ವ್ರತಗಳಲ್ಲಿ ಅತಿಥಿಗೆ ಕೊಡುವುದನ್ನು ಸಂವಿಭಾಗವೆಂದು ಕರೆದಿದ್ದಾರೆ. ಸರಿಯಾಗಿ ಪಾಲು ಮಾಡುವುದೆಂದೇ ಅದರ ಅರ್ಥ. ಮನೆಯವನಿಗೆ ಆ ಪಾಲು ಸಲ್ಲದೆ ಹೋದೀತೇ?

ಬೆಂಗಳೂರಿನ ತಮ್ಮ ಅಂದೇ ತಂಗಿಗೂ ತಮ್ಮನಿಗೂ ತಲಾ ಎಂಟು ಸಾವಿರ ಹಿಂದಿರುಗಿಸಿದನು. ಅಣ್ಣನಿಗೆ ಹಣ ಕೊಡಹೋದಾಗ ಅವರು ಮುಟ್ಟಲಿಲ್ಲ. ಬದಲಾಗಿ, ಮರುವರ್ಷದ ರಾತ್ರಿಗಳಲ್ಲಿ ಮೊದಲ ನಾಲ್ಕು ಅಣ್ಣ ಅತ್ತಿಗೆಯರಿಗೆಂದೂ, ಆ ದಿನಗಳಲ್ಲಿ ತಮ್ಮನೇ ಮಂಡೆಕೋಲಿಗೆ ಬಂದು ತೋಟ, ಹಟ್ಟಿಗಳನ್ನು ನೋಡಿಕೊಳ್ಳುವುದೆಂದೂ ನಿಶ್ಚಯವಾಯಿತು. ಹಾಗೆಯೇ ನಡೆಯಿತು. ನೀರು ಬಿಡುವುದು ಅವನಿಂದಾಯಿತು. ಹಾಲು ಕರೆಯುವುದು ಮರೆತುಹೋಗಿದ್ದರಿಂದ ನೆರೆಮನೆಯ ಹೆಂಗಸೊಬ್ಬರನ್ನು ಕರೆಸಬೇಕಾಯಿತು. ಅವರಿಗೆ ಕೊಟ್ಟ ನಾಲ್ಕು ದಿನದ ಸಂಬಳವು ಆ ವರ್ಷದ ಪ್ರವಾಸದ ಖರ್ಚಿನಲ್ಲಿ, ಕೊಠಡಿಯ ಬಾಬ್ತಿನ ಕೆಳಗೆ, ತಾಯಿಯ ಎದುರಿನಲ್ಲಿಯೇ ಬರೆಯಲ್ಪಟ್ಟಿತು.