ಬೆಳ್ಳಿಯಲ್ಲಿ ಮಳೆ ಬೆಳೆ ಹೇಗೆ?

ನಮ್ಮ ಮನೆಗೆ ಗಡಿಯಾರ ಬಂದದ್ದು ನಾನು ಹೈಸ್ಕೂಲು ಸೇರಿದ ಮೇಲೆ. ಅಲ್ಲಿಯವರೆಗೆ ಅಪ್ಪನ ಗಡಿಯಾರ ಆಕಾಶದಲ್ಲಿತ್ತು. ‘ಬೆಳ್ಳಿ ಮೂಡ್ತು, ಏಳ್ರೋ’ ಎಂದು ಕೂಗಿ ಎತ್ತು ಹೊಡೆದುಕೊಂಡು ಹೊಲಕ್ಕೆ ಹೊರಡುತ್ತಿದ್ದ. ಬೆಳ್ಳಿ ಸಂಜೆಯ ಪಶ್ಚಿಮಕ್ಕೆ ಹೋಗಿರುವ ತಿಂಗಳುಗಳಲ್ಲಿ ಮಾತ್ರ ಆ ಕೆಲಸ ಕೋಳಿಯ ಪಾಲಿಗೆ ಬರುತ್ತಿತ್ತು.

ಆ ಬೆಳ್ಳಿಯೇ ಶುಕ್ರಗ್ರಹವೆಂದು ಶಾಲೆಯಲ್ಲಿ ಕಲಿತೆ. ಮುಂದೆ ಮೇಷ್ಟ್ರಾಗಿ ಮಕ್ಕಳಿಗೂ ಕಲಿಸಿದೆ. ಅಪ್ಪನಿಗೆ ಅದನ್ನು ವಿವರಿಸುವ ಸಂದರ್ಭ ಒದಗಿದ್ದು 2012ರ ಜೂನ್ 6ರಂದು. ಅಂದು ಶುಕ್ರ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಬೆಳಿಗ್ಗೆ ಮೋಡ ಸರಿದಾಗ, ಗ್ರಹಣ ನೋಡುವ ಕನ್ನಡಕವನ್ನು ಅಪ್ಪನಿಗೆ ಹಾಕಿ ಅಂಗಳದಲ್ಲಿ ನಿಲ್ಲಿಸಿದೆ. ಸೂರ್ಯನ ಮೇಲೆ ಕರಿಎಳ್ಳಿನಂಥ ಚುಕ್ಕೆ.

“ಇಷ್ಟೇ ಏನೋ ನಮ್ ಬೆಳ್ಳಿ?”

“ಸಣ್ಣದಲ್ಲಪ್ಪ. ಹೆಚ್ಚು ಕಡಿಮೆ ನಮ್ಮ ಭೂಮಿಯಷ್ಟೇ ಇದೆ.”

ಅಪ್ಪ ಕನ್ನಡಕ ತೆಗೆದು, ಊರಿಗೆ ಬಂದ ನೆಂಟರನ್ನು ವಿಚಾರಿಸುವ ಧಾಟಿಯಲ್ಲೇ ಕೇಳಿದ: “ಹಂಗಾರೆ ಅಲ್ಲಿ ಮಳೆ ಬೆಳೆ ಹೆಂಗೆ?”

ನನ್ನೊಳಗಿನ ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಒಮ್ಮೆ ಹುಟ್ಟಿದರೆ ಮತ್ತೆ ಹುಟ್ಟಲು ನಮ್ಮ 117 ದಿನ ಬೇಕು. ಗಾಳಿಯ ನೂರು ಪಾಲಿನಲ್ಲಿ 96 ಪಾಲು ಇಂಗಾಲದ ಡೈಆಕ್ಸೈಡ್. ಅದು ಕಂಬಳಿಯಂತೆ ಹೊದ್ದು ಶಾಖವನ್ನು ಹಿಡಿದಿಡುವುದರಿಂದ ನೆಲದ ಬಿಸಿ ಸುಮಾರು 460 ಡಿಗ್ರಿ, ಸೀಸ ಕರಗುತ್ತದೆ. ಗಾಳಿಯ ಒತ್ತಡ ನಮ್ಮಲ್ಲಿಯ ತೊಂಬತ್ತು ಪಟ್ಟು. ರಷ್ಯನ್ನರು 1982ರಲ್ಲಿ ಇಳಿಸಿದ ವೆನೆರಾ-13 ನೌಕೆ ಎರಡು ಗಂಟೆ ಚಿಲ್ಲರೆ ಬದುಕಿದ್ದೇ ಹೆಚ್ಚು. ಇನ್ನು ಮಳೆ? ಮೋಡಗಳೆಲ್ಲ ಗಂಧಕಾಮ್ಲದವು. ಮಳೆ ಹನಿಯುತ್ತದೆ, ಆದರೆ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. “ಮೋಡ ಮುಚ್ಕಂಡಿರ್ತದೆ, ಹನಿ ನೆಲಕ್ಕೆ ಬೀಳಲ್ಲ. ಪಾಪ, ನಮ್ ಥರಾನೇ. ಮೊದಲಿಂದ್ಲೂ ಹಿಂಗೇನಾ ಅದು?”

ಒಂದು ಕಾಲಕ್ಕೆ ಅಲ್ಲೂ ನೀರಿದ್ದಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ, ಎಂದೆ. ನಮ್ಮ ಭೂಮಿಯಲ್ಲೂ ಇಂಗಾಲ ಕಡಿಮೆಯೇನಿಲ್ಲ. ಬಹುಪಾಲು ಸುಣ್ಣಕಲ್ಲಾಗಿ ನೆಲದಲ್ಲಿ ಅಡಗಿದೆ. ಶುಕ್ರನಲ್ಲಿ ಅದು ಗಾಳಿಯಲ್ಲೇ ಉಳಿಯಿತು. ಅಪ್ಪ ಬಗ್ಗಿ ಅಂಗಳದ ಒಣಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದ. ಏನೂ ಅನ್ನಲಿಲ್ಲ.

ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತು. ರಾಗಿ ಗೇಣುದ್ದ ಬಂದು ಒಣಗಿತು. ಮೇವಿಲ್ಲದೆ ದೀಪಾವಳಿಗೆ ಮೊದಲೇ ಅಪ್ಪ ಎತ್ತುಗಳನ್ನು ಮಾರಿದ. ಸೂರ್ಯನನ್ನು ದಾಟಿದ ಬೆಳ್ಳಿ ಮಾತ್ರ ಪೂರ್ವಕ್ಕೆ ಬಂದು ದಿನವೂ ಹೊಳೆಯುತ್ತಿತ್ತು. ಹೊಡೆದುಕೊಂಡು ಹೋಗಲು ಎತ್ತಿಲ್ಲದಿದ್ದರೂ ಅಪ್ಪ ಅದೇ ಹೊತ್ತಿಗೆ ಎದ್ದು ಜಗಲಿಯ ಮೇಲೆ ಕೂರುತ್ತಿದ್ದ.

ಈಗ ಅಪ್ಪನಿಲ್ಲ. ಶುಕ್ರ ಮತ್ತೆ ಸೂರ್ಯನ ಮೇಲೆ ಹಾಯುವುದು 2117ರಲ್ಲಿ. ಅದನ್ನು ನೋಡಲು ನಾನೂ ಇರುವುದಿಲ್ಲ. ಯಾರಿಗಾದರೂ ಅದೃಷ್ಟ ಖುಲಾಯಿಸಿದರೆ ‘ಶುಕ್ರದೆಸೆ’ ಎನ್ನುತ್ತೇವಲ್ಲ, ಆ ಮಾತು ಕೇಳಿದಾಗಲೆಲ್ಲ ಆ 460 ಡಿಗ್ರಿ ನೆನಪಾಗಿ ನಗು ಬರುತ್ತದೆ. ನಸುಕಿನಲ್ಲಿ ಬೆಳ್ಳಿ ಕಂಡರೆ ಮಾತ್ರ ನಗು ಬರುವುದಿಲ್ಲ. ಒಳಗೆ ಹೋಗಿ ಊರಿಗೆ ಫೋನು ಮಾಡಿ ತಮ್ಮನನ್ನು ಕೇಳುತ್ತೇನೆ: “ಮಳೆ ಬೆಳೆ ಹೆಂಗಪ್ಪ?”